ಮುಚ್ಚಿದ ಬಾಗಿಲ ಮುಂದೆ ಏಳು ವಿದ್ಯಾರ್ಥಿಗಳು

(ವಿದ್ಯಾರ್ಥಿಗಳ ಮತ್ತು ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಕ್ಕಳು ಕಾಲೇಜು ಸೇರಿದಾಗ ನಾವು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಎರಡೇ. ಶುಲ್ಕವೆಷ್ಟು? ಅಂಕವೆಷ್ಟು? ಅಲ್ಲಿ ನಿನ್ನ ಜೊತೆಗಾರರು ಯಾರು, ಅವರೊಂದಿಗೆ ಸೇರಿ ನೀನು ಏನನ್ನು ಕಟ್ಟುತ್ತಿರುವೆ ಎಂಬ ಮೂರನೆಯ ಪ್ರಶ್ನೆ ನಮ್ಮ ನಾಲಿಗೆಗೆ ಬರುವುದು ಅಪರೂಪ. ಆದರೆ ಪದವಿ ಮುಗಿದ ಬಳಿಕ ಮನುಷ್ಯನ ಬದುಕನ್ನು ರೂಪಿಸುವುದರಲ್ಲಿ ಅಂಕಪಟ್ಟಿಗಿರುವಷ್ಟೇ ಪಾಲು ಆ ಜೊತೆಗಾರಿಕೆಗೂ ಇದೆ. ಆದ್ದರಿಂದ ಇಂದು ಸಂಘಟನೆಯ ಮಹತ್ವದ ಕುರಿತು ಉಪದೇಶ ನೀಡುವ ಬದಲು ಒಂದು ಇತಿಹಾಸವನ್ನು ನಿಮ್ಮ ಮುಂದಿಡಲು ಬಯಸುತ್ತೇವೆ. ಅದು ನಮ್ಮ ದೇಶದ್ದಲ್ಲ. 1906ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾನಿಲಯದಲ್ಲಿ ಏಳು ಮಂದಿ ಕಪ್ಪು ವರ್ಣೀಯ ವಿದ್ಯಾರ್ಥಿಗಳು ಸ್ಥಾಪಿಸಿದ ಸಂಘವೊಂದರ ಮೊದಲ ಘಟಕದ ಇತಿಹಾಸ ಅದು.

ಗ್ರೀಕ್ ಅಕ್ಷರಗಳ ಸೋದರ ಸಂಘ

ಅಮೆರಿಕದ ಕಾಲೇಜುಗಳಲ್ಲಿ ಫ್ರಟರ್ನಿಟಿ ಎಂಬೊಂದು ವ್ಯವಸ್ಥೆಯಿದೆ. ಸೋದರ ಸಂಘ ಎಂದು ಅದನ್ನು ಕರೆಯಬಹುದು. 1776ರ ಡಿಸೆಂಬರ್ 5ರಂದು ವರ್ಜೀನಿಯಾದ ವಿಲಿಯಂ ಆಂಡ್ ಮೇರಿ ಕಾಲೇಜಿನಲ್ಲಿ ಕೆಲವು ವಿದ್ಯಾರ್ಥಿಗಳು 'ಫೈ ಬೀಟಾ ಕಪ್ಪ' ಎಂಬ ಗ್ರೀಕ್ ಅಕ್ಷರಗಳ ಹೆಸರಿನಲ್ಲಿ ಒಂದು ಗುಪ್ತ ಚರ್ಚಾಕೂಟವನ್ನು ಆರಂಭಿಸಿದರು. ಗುಟ್ಟಿನ ಪ್ರತಿಜ್ಞೆ, ಗುಟ್ಟಿನ ಸಂಕೇತ, ಗ್ರೀಕ್ ಹೆಸರು ಇವೆಲ್ಲ ಅಲ್ಲಿಂದ ಬಂದ ವಾಡಿಕೆಗಳು. ಮುಂದಿನ ಶತಮಾನದಲ್ಲಿ ಇಂತಹ ಸಂಘಗಳು ಕಾಲೇಜಿನಿಂದ ಕಾಲೇಜಿಗೆ ಹಬ್ಬಿದವು. ಪ್ರತಿ ಕಾಲೇಜಿನಲ್ಲಿ ಅವುಗಳ ಒಂದೊಂದು ಘಟಕವಿರುತ್ತದೆ. ಘಟಕಗಳಿಗೂ ಗ್ರೀಕ್ ವರ್ಣಮಾಲೆಯ ಕ್ರಮದಲ್ಲಿ ಆಲ್ಫಾ, ಬೀಟಾ, ಗಾಮಾ ಎಂದು ಹೆಸರಿಡುವುದುಂಟು. ಅನೇಕ ಘಟಕಗಳಿಗೆ ಸ್ವಂತ ಮನೆ ಇರುತ್ತದೆ. ಸದಸ್ಯರು ಅಲ್ಲಿಯೇ ವಾಸಿಸುತ್ತಾರೆ.

ಮೇಲ್ನೋಟಕ್ಕೆ ಇದು ಹುಡುಗರ ಒಂದು ಕೂಟ ಅಷ್ಟೆ. ಆದರೆ ಇದರ ನಿಜವಾದ ಬೆಲೆ ಕಾಣುವುದು ಪದವಿಯ ಬಳಿಕ. ಒಮ್ಮೆ ಸದಸ್ಯನಾದವನು ಜೀವಮಾನವಿಡೀ ಸದಸ್ಯ. ವಕೀಲನೊಬ್ಬ ತನ್ನ ಸಂಘದ ಕಿರಿಯನನ್ನು ಕಚೇರಿಗೆ ಸೇರಿಸಿಕೊಳ್ಳುತ್ತಾನೆ, ವ್ಯಾಪಾರಿ ತನ್ನವನಿಗೆ ಬಂಡವಾಳದ ದಾರಿ ತೋರಿಸುತ್ತಾನೆ, ರಾಜಕಾರಣಿ ತನ್ನವನನ್ನು ಕೈಹಿಡಿದು ಮೇಲೆತ್ತುತ್ತಾನೆ. ಹೀಗಾಗಿ ಆ ಮನೆಗಳ ಬಾಗಿಲು ಯಾರಿಗೆ ತೆರೆದಿದೆ, ಯಾರಿಗೆ ಮುಚ್ಚಿದೆ ಎಂಬುದು ಕೇವಲ ಸ್ನೇಹದ ಪ್ರಶ್ನೆಯಾಗಿರಲಿಲ್ಲ. ಅದು ನಾಳಿನ ಸಮಾಜದಲ್ಲಿ ಯಾರಿಗೆ ಸ್ಥಾನವಿದೆ ಎಂಬ ಪ್ರಶ್ನೆಯಾಗಿತ್ತು. ಕಪ್ಪು ಜನಾಂಗದವರಿಗೆ ಅದು ಮುಚ್ಚಿಯೇ ಇತ್ತು.

ಮರಳಿ ಬಾರದ ಆರು ಮಂದಿ

ನ್ಯೂಯಾರ್ಕ್ ರಾಜ್ಯದ ಇಥಾಕ ಎಂಬ ಊರಿನಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯವಿದೆ. 1865ರಲ್ಲಿ, ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಂಡ ವರ್ಷದಲ್ಲೇ ಅದು ಸ್ಥಾಪನೆಯಾಯಿತು. ಯಾವ ವ್ಯಕ್ತಿಯೂ ಯಾವ ವಿಷಯವನ್ನೂ ಕಲಿಯಬಹುದಾದ ಸಂಸ್ಥೆಯನ್ನು ಕಟ್ಟಬೇಕೆಂಬುದು ಸ್ಥಾಪಕ ಎಜ್ರಾ ಕಾರ್ನೆಲ್ ಅವರ ಆಶಯವಾಗಿತ್ತು. ಆದ್ದರಿಂದ ಅಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಪ್ರವೇಶವಿತ್ತು. ಆದರೆ ಪ್ರವೇಶ ಬೇರೆ, ಸ್ವೀಕಾರ ಬೇರೆ. ಕಾನೂನು ಬಾಗಿಲನ್ನು ತೆರೆಯಬಲ್ಲುದು. ಒಳಗೆ ಬಂದವನನ್ನು ಪಕ್ಕದಲ್ಲಿ ಕುಳ್ಳಿರಿಸಿ ಮಾತನಾಡಿಸುವ ಕೆಲಸವನ್ನು ಕಾನೂನು ಮಾಡಲಾರದು.

ಆಗಿನ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಿ. 1896ರಲ್ಲಿ ಅಮೆರಿಕದ ಸುಪ್ರೀಮ್ ಕೋರ್ಟು, ಬಿಳಿಯರಿಗೂ ಕರಿಯರಿಗೂ ಪ್ರತ್ಯೇಕ ವ್ಯವಸ್ಥೆ ಮಾಡುವುದು ಸಂವಿಧಾನಬಾಹಿರವಲ್ಲವೆಂದು ತೀರ್ಪಿತ್ತಿತ್ತು. ದಕ್ಷಿಣದ ರಾಜ್ಯಗಳಲ್ಲಿ ರೈಲು, ಶಾಲೆ, ಆಸ್ಪತ್ರೆಗಳೆಲ್ಲ ಬಣ್ಣದ ಆಧಾರದಲ್ಲಿ ವಿಭಜನೆಗೊಂಡಿದ್ದವು. ಉತ್ತರದಲ್ಲಿದ್ದ ಕಾರ್ನೆಲ್‌ನಲ್ಲಿ ಅಂತಹ ಫಲಕಗಳಿರಲಿಲ್ಲ. ಅಲ್ಲಿ ಇದ್ದದ್ದು ಒಂಟಿತನ. ಸಾವಿರಾರು ವಿದ್ಯಾರ್ಥಿಗಳ ನಡುವೆ ಬೆರಳೆಣಿಕೆಯ ಕಪ್ಪು ವಿದ್ಯಾರ್ಥಿಗಳು. ಒಟ್ಟಿಗೆ ಕುಳಿತು ಓದಲು ಜೊತೆಗಾರರಿಲ್ಲ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೊಡುವ ಹಿರಿಯ ವಿದ್ಯಾರ್ಥಿಗಳಿಲ್ಲ, ಜ್ವರ ಬಂದರೆ ವಿಚಾರಿಸುವವರಿಲ್ಲ.

ಫಲವೇನಾಯಿತು? 1905-06ರ ಶೈಕ್ಷಣಿಕ ವರ್ಷ ಆರಂಭವಾದಾಗ, ಹಿಂದಿನ ವರ್ಷ ಓದುತ್ತಿದ್ದ ಕಪ್ಪು ವಿದ್ಯಾರ್ಥಿಗಳಲ್ಲಿ ಆರು ಮಂದಿ ಮರಳಿ ಬರಲಿಲ್ಲ. ಅವರನ್ನು ಯಾರೂ ಹೊರಹಾಕಿರಲಿಲ್ಲ. ಅವರು ಸದ್ದಿಲ್ಲದೆ ಬಿಟ್ಟುಹೋಗಿದ್ದರು. ಉಳಿದವರ ಮನಸ್ಸನ್ನು ಕೊರೆದದ್ದು ಈ ಆರು ಖಾಲಿ ಜಾಗಗಳು. ಮುಂದೆ ನಡೆದುದೆಲ್ಲದರ ಮೂಲ ಇಲ್ಲಿದೆ. ತಮಗೆ ಆಗಿದ್ದ ಅವಮಾನಕ್ಕಿಂತಲೂ ಮರಳಿ ಬಾರದವರ ಚಿಂತೆಯಿಂದ ಒಂದು ಸಂಘ ಹುಟ್ಟಿತು.

ಓದಿನ ಕೂಟದಿಂದ ಸೋದರ ಸಂಘಕ್ಕೆ

ಆ ವರ್ಷ ಚಾರ್ಲ್ಸ್ ಪಾಯಿಂಡೆಕ್ಸ್‌ಟರ್ ಎಂಬ ಸ್ನಾತಕೋತ್ತರ ವಿದ್ಯಾರ್ಥಿಯ ನೇತೃತ್ವದಲ್ಲಿ ಉಳಿದ ವಿದ್ಯಾರ್ಥಿಗಳು ಒಟ್ಟುಗೂಡತೊಡಗಿದರು. ಅದು ಓದಿನ ಮತ್ತು ಸಾಹಿತ್ಯದ ಕೂಟವಾಗಿತ್ತು. ಪರಸ್ಪರ ಪಾಠ ಹೇಳಿಕೊಡುವುದು, ಪ್ರಬಂಧ ಓದುವುದು, ಚರ್ಚಿಸುವುದು. ಕೂಡಲು ವಿಶ್ವವಿದ್ಯಾನಿಲಯದಲ್ಲಿ ಅವರಿಗೆ ಸ್ವಂತ ಮನೆಯಿರಲಿಲ್ಲ. ಊರಿನ ಕಪ್ಪು ಕುಟುಂಬಗಳು ತಮ್ಮ ಮನೆಯ ಬಾಗಿಲನ್ನು ತೆರೆದವು. ಅವುಗಳಲ್ಲಿ ಸಿಂಗಲ್ಟನ್ ಎಂಬ ದಂಪತಿಯ ಮನೆ ಮುಖ್ಯವಾದುದು. ಆನಿ ಸಿಂಗಲ್ಟನ್ ಅವರನ್ನು ಸಂಘದ ತಾಯಿಯೆಂದು ಇಂದಿಗೂ ಸ್ಮರಿಸಲಾಗುತ್ತದೆ. ಇಲ್ಲಿ ಕುಳಿತಿರುವ ಹೆತ್ತವರು ಈ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕೆಂದು ನಮ್ಮ ಕೋರಿಕೆ. ವಿದ್ಯಾರ್ಥಿ ಸಂಘವನ್ನು ವಿದ್ಯಾರ್ಥಿಗಳೇ ಕಟ್ಟಿದರು, ನಿಜ. ಆದರೆ ಅದಕ್ಕೆ ನೆಲ ಕೊಟ್ಟದ್ದು ಊರಿನ ಗೃಹಸ್ಥರು.

ಕೆಲವೇ ತಿಂಗಳಲ್ಲಿ ಕೂಟದಲ್ಲಿ ಭಿನ್ನಾಭಿಪ್ರಾಯ ತಲೆದೋರಿತು. ಇದು ಸಾಹಿತ್ಯ ಸಂಘವಾಗಿಯೇ ಉಳಿಯಲಿ ಎಂಬುದು ಒಂದು ವಾದ. ಪಾಯಿಂಡೆಕ್ಸ್‌ಟರ್ ಅವರ ಒಲವು ಆ ಕಡೆಗಿತ್ತು. ಓದಿನ ಕೂಟ ಪರೀಕ್ಷೆಯೊಂದಿಗೆ ಮುಗಿದುಹೋಗುತ್ತದೆ, ಪದವಿಯ ಬಳಿಕವೂ ಮುಂದುವರಿಯುವ, ಬೇರೆ ಕಾಲೇಜುಗಳಿಗೂ ಹಬ್ಬುವ ಸೋದರ ಸಂಘ ಬೇಕು ಎಂಬುದು ಇನ್ನೊಂದು ವಾದ. ಈ ವಾದ ಮಂಡಿಸಿದವರಿಗೆ ಸೋದರ ಸಂಘವೆಂದರೇನೆಂದು ಚೆನ್ನಾಗಿ ತಿಳಿದಿತ್ತು. ಹೇಗೆಂದರೆ ಅವರಲ್ಲಿ ಕೆಲವರು ಓದಿನ ಖರ್ಚಿಗಾಗಿ ಬಿಳಿಯರ ಫ್ರಟರ್ನಿಟಿ ಮನೆಗಳಲ್ಲಿ ಕೆಲಸ ಮಾಡುತ್ತಿದ್ದರು. ಯಾವ ಮನೆಯಲ್ಲಿ ಸದಸ್ಯರಾಗಲು ಅವರಿಗೆ ಅವಕಾಶವಿರಲಿಲ್ಲವೋ ಅದೇ ಮನೆಯಲ್ಲಿ ಸೇವಕರಾಗಲು ಅವಕಾಶವಿತ್ತು. ಸಂಘಟನೆ ಹೇಗೆ ನಡೆಯುತ್ತದೆ, ಹಿರಿಯರು ಕಿರಿಯರ ಕೈಯನ್ನು ಹೇಗೆ ಹಿಡಿಯುತ್ತಾರೆ ಎಂಬುದನ್ನು ಅವರು ಅಲ್ಲಿಂದಲೇ ಕಲಿತರು. ಅಪಮಾನದ ಜಾಗವನ್ನು ಪಾಠಶಾಲೆಯಾಗಿ ಮಾಡಿಕೊಳ್ಳುವ ಈ ಎದೆಗಾರಿಕೆ ಸಾಮಾನ್ಯವಾದುದಲ್ಲ.

ಕೊನೆಗೆ ಪಾಯಿಂಡೆಕ್ಸ್‌ಟರ್ ಹಿಂದೆ ಸರಿದರು. 1906ರ ಡಿಸೆಂಬರ್ 4ರಂದು 'ಆಲ್ಫಾ ಫೈ ಆಲ್ಫಾ' ಸೋದರ ಸಂಘದ ಮೊದಲ ಘಟಕ ಸ್ಥಾಪನೆಯಾಯಿತು. ಹೆನ್ರಿ ಕ್ಯಾಲಿಸ್, ಚಾರ್ಲ್ಸ್ ಚಾಪ್ಮನ್, ಯೂಜೀನ್ ಕಿಂಕಲ್ ಜೋನ್ಸ್, ಜಾರ್ಜ್ ಕೆಲ್ಲಿ, ನಥಾನಿಯಲ್ ಮರ್ರೆ, ರಾಬರ್ಟ್ ಓಗಲ್, ವರ್ಟ್ನರ್ ಟ್ಯಾಂಡಿ ಎಂಬ ಏಳು ಮಂದಿ ಸ್ಥಾಪಕರು. ಸಂಘದ ಸದಸ್ಯರು ಅವರನ್ನು ಏಳು ರತ್ನಗಳೆಂದು ಕರೆಯುತ್ತಾರೆ. ಭಿನ್ನಾಭಿಪ್ರಾಯದಿಂದ ದೂರ ಸರಿದ ಹಿರಿಯನ ಶ್ರಮವೂ ಅದರ ಬುನಾದಿಯಲ್ಲಿದೆ ಎಂಬುದನ್ನು ನಾವು ಮರೆಯಬಾರದು. ಎಲ್ಲ ಸಂಘಟನೆಗಳಲ್ಲೂ ಮೊದಲ ಕಲ್ಲು ಇಟ್ಟವರೆಲ್ಲರ ಹೆಸರು ಗೋಡೆಯ ಮೇಲಿರುವುದಿಲ್ಲ.

ಎರಡನೆಯ ಘಟಕದ ಮಹತ್ವ

ಏಳು ಮಂದಿ ತಮ್ಮ ನೆಮ್ಮದಿಗಾಗಿ ಒಂದು ಕೂಟ ಮಾಡಿಕೊಂಡು ಸುಮ್ಮನಿದ್ದಿದ್ದರೆ ಇಂದು ಅವರ ಬಗ್ಗೆ ಮಾತನಾಡುವ ಅಗತ್ಯವಿರುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಒಂದು ವರ್ಷ ಕಳೆಯುವಷ್ಟರಲ್ಲಿ, 1907ರ ಡಿಸೆಂಬರ್‌ನಲ್ಲಿ, ರಾಜಧಾನಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾನಿಲಯದಲ್ಲಿ ಬೀಟಾ ಘಟಕವೂ ರಿಚ್ಮಂಡ್ ನಗರದ ವರ್ಜೀನಿಯಾ ಯೂನಿಯನ್ ವಿಶ್ವವಿದ್ಯಾನಿಲಯದಲ್ಲಿ ಗಾಮಾ ಘಟಕವೂ ಆರಂಭವಾದವು. ಈ ಎರಡರ ಹಿಂದೆಯೂ ಯೂಜೀನ್ ಕಿಂಕಲ್ ಜೋನ್ಸ್ ಅವರ ಓಡಾಟವಿತ್ತು. ಅವರು ರಿಚ್ಮಂಡಿನವರು. ಅವರ ತಂದೆ ಗುಲಾಮರಾಗಿ ಹುಟ್ಟಿ, ಅಧ್ಯಾಪಕರಾಗಿ ಬೆಳೆದವರು. ಗುಲಾಮನಾಗಿ ಹುಟ್ಟಿದವರ ಮಗ, ತಾನು ಮೊದಲು ಓದಿದ ಊರಿಗೇ ಮರಳಿ ಹೋಗಿ ಅಲ್ಲಿನ ಹುಡುಗರನ್ನು ಒಟ್ಟುಗೂಡಿಸಿದ. 1908ರ ಡಿಸೆಂಬರ್‌ನಲ್ಲಿ ಹೋವರ್ಡಿನಲ್ಲಿ ಸಂಘದ ಮೊದಲ ಮಹಾಸಭೆ ಸೇರಿತು.

ಹೆಣ್ಣುಮಕ್ಕಳು ಕಾಯುತ್ತಾ ಕುಳಿತಿರಲಿಲ್ಲ. ಅದೇ ಹೋವರ್ಡಿನಲ್ಲಿ 1908ರ ಜನವರಿ 15ರಂದು ಕಪ್ಪು ವಿದ್ಯಾರ್ಥಿನಿಯರು 'ಆಲ್ಫಾ ಕಪ್ಪ ಆಲ್ಫಾ' ಎಂಬ ಸೋದರಿಯರ ಸಂಘವನ್ನು ಸ್ಥಾಪಿಸಿದರು. ಅಲ್ಲಿಯೇ 1913ರಲ್ಲಿ ಸ್ಥಾಪನೆಯಾದ 'ಡೆಲ್ಟಾ ಸಿಗ್ಮಾ ಥೀಟಾ'ದ ಸದಸ್ಯೆಯರು, ಸಂಘ ಹುಟ್ಟಿದ ಕೆಲವೇ ವಾರಗಳಲ್ಲಿ, ಮಹಿಳೆಯರ ಮತದಾನದ ಹಕ್ಕಿಗಾಗಿ ವಾಷಿಂಗ್ಟನ್ನಿನಲ್ಲಿ ನಡೆದ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದರು. ಸಂಘಟನೆಯೆಂದರೆ ಗಂಡುಮಕ್ಕಳ ವ್ಯವಹಾರ, ಹೆಣ್ಣುಮಕ್ಕಳಿಗೆ ಪುಸ್ತಕ ಮತ್ತು ಮನೆ ಸಾಕು ಎಂದು ಭಾವಿಸುವವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರು ಈ ದಿನಾಂಕಗಳನ್ನು ಒಮ್ಮೆ ಗಮನಿಸಲಿ.

ಆ ಏಳು ಮಂದಿ ಮುಂದೆ ಏನಾದರು? ಕ್ಯಾಲಿಸ್ ವೈದ್ಯರೂ ವೈದ್ಯಕೀಯ ಅಧ್ಯಾಪಕರೂ ಆದರು. ಟ್ಯಾಂಡಿ ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಣಿ ಪಡೆದ ಮೊದಲ ಕಪ್ಪು ವಾಸ್ತುಶಿಲ್ಪಿಯಾದರು. ಕೆಲ್ಲಿ ಅದೇ ರಾಜ್ಯದಲ್ಲಿ ನೋಂದಣಿ ಪಡೆದ ಮೊದಲ ಕಪ್ಪು ಇಂಜಿನಿಯರ್. ಚಾಪ್ಮನ್ ಕೃಷಿ ವಿಷಯದ ಪ್ರಾಧ್ಯಾಪಕರಾದರು, ಮರ್ರೆ ವಾಷಿಂಗ್ಟನ್ನಿನಲ್ಲಿ ಶಿಕ್ಷಕರಾದರು. ಓಗಲ್ ಅಮೆರಿಕದ ಸೆನೆಟಿನ ಹಣಕಾಸು ಸಮಿತಿಯೊಂದರ ಸಿಬ್ಬಂದಿಯಲ್ಲಿ ದುಡಿದರು. ಜೋನ್ಸ್, ದಕ್ಷಿಣದಿಂದ ನಗರಗಳಿಗೆ ಬಂದ ಕಪ್ಪು ಕಾರ್ಮಿಕರಿಗೆ ಕೆಲಸ ಮತ್ತು ವಸತಿ ದೊರಕಿಸಲು ಹೋರಾಡಿದ ನ್ಯಾಷನಲ್ ಅರ್ಬನ್ ಲೀಗ್ ಸಂಸ್ಥೆಯನ್ನು ದಶಕಗಳ ಕಾಲ ಮುನ್ನಡೆಸಿದರು.

ಸಂಘ ಇಷ್ಟಕ್ಕೇ ತೃಪ್ತಿಪಡಲಿಲ್ಲ. 1920ರ ಹೊತ್ತಿಗೆ ಅದು 'ಪ್ರೌಢಶಾಲೆಗೆ ಹೋಗಿ, ಕಾಲೇಜಿಗೆ ಹೋಗಿ' ಎಂಬ ಆಂದೋಲನವನ್ನು ಹಮ್ಮಿಕೊಂಡಿತು. 1930ರ ದಶಕದಲ್ಲಿ, ಮತವಿಲ್ಲದ ಜನತೆ ಭರವಸೆಯಿಲ್ಲದ ಜನತೆ ಎಂಬ ಘೋಷಣೆಯೊಂದಿಗೆ ಮತದಾರರ ನೋಂದಣಿಗೆ ಇಳಿಯಿತು. 1935ರಲ್ಲಿ, ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಕಾನೂನು ಕಾಲೇಜು ಡೊನಾಲ್ಡ್ ಮರ್ರೆ ಎಂಬ ಯುವಕನಿಗೆ ಬಣ್ಣದ ಕಾರಣದಿಂದ ಪ್ರವೇಶ ನಿರಾಕರಿಸಿದಾಗ ಸಂಘ ಅವನ ನೆರವಿಗೆ ನಿಂತಿತು. ನ್ಯಾಯಾಲಯದಲ್ಲಿ ಅವನ ಪರ ವಾದಿಸಿದವರಲ್ಲಿ ಸಂಘದ ಸದಸ್ಯರಾದ ತರುಣ ವಕೀಲ ಥರ್ಗುಡ್ ಮಾರ್ಷಲ್ ಒಬ್ಬರು. ಮರ್ರೆಗೆ ಪ್ರವೇಶ ದೊರೆಯಿತು, 1936ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಇದೇ ಮಾರ್ಷಲ್ 1954ರಲ್ಲಿ ಶಾಲೆಗಳಲ್ಲಿನ ವರ್ಣ ವಿಭಜನೆಯನ್ನು ಅಳಿಸಿಹಾಕಿದ ಐತಿಹಾಸಿಕ ಮೊಕದ್ದಮೆಯನ್ನು ಗೆದ್ದರು, 1967ರಲ್ಲಿ ಅಮೆರಿಕದ ಸುಪ್ರೀಮ್ ಕೋರ್ಟಿನ ಮೊದಲ ಕಪ್ಪು ನ್ಯಾಯಾಧೀಶರಾದರು. ಮಾರ್ಟಿನ್ ಲೂಥರ್ ಕಿಂಗ್ ಕೂಡ 1952ರಲ್ಲಿ ಬೋಸ್ಟನ್ ನಗರದಲ್ಲಿ ಇದೇ ಸಂಘ ಸೇರಿದರು. 2011ರಲ್ಲಿ ವಾಷಿಂಗ್ಟನ್ನಿನಲ್ಲಿ ಲೋಕಾರ್ಪಣೆಗೊಂಡ ಅವರ ಸ್ಮಾರಕದ ಹಿಂದೆ ಈ ಸಂಘದ ಹಲವು ವರ್ಷಗಳ ದುಡಿಮೆಯಿದೆ.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಈ ಇತಿಹಾಸ ಅಪೂರ್ಣ. 1940ರ ದಶಕದಲ್ಲಿ ಸಂಘ ತನ್ನ ನಿಯಮಾವಳಿಯಿಂದ, ಕಪ್ಪು ಜನಾಂಗದವನಾಗಿರಬೇಕು ಎಂಬ ಷರತ್ತನ್ನು ತೆಗೆದುಹಾಕಿತು. ಬಿಳಿಯರ ಅನೇಕ ಸಂಘಗಳು ತಮ್ಮ ಬಾಗಿಲುಗಳನ್ನು ಇನ್ನೂ ಭದ್ರವಾಗಿ ಮುಚ್ಚಿಕೊಂಡಿದ್ದ ಕಾಲವದು. ಬಾಗಿಲು ಮುಚ್ಚಿಸಿಕೊಂಡವರು ತಮ್ಮ ಬಾಗಿಲನ್ನು ತೆರೆದಿಟ್ಟರು. ದ್ವೇಷಕ್ಕೆ ಪ್ರತಿದ್ವೇಷವೇ ಉತ್ತರವೆಂದು ವಾದಿಸುವವರಿಗೆ ಇದಕ್ಕಿಂತ ಸಭ್ಯವಾದ ಮರುತ್ತರ ಇರಲಾರದು.

ವ್ಯವಸ್ಥೆಯೊಂದಿಗೆ ಬರುವ ರೋಗ

ಹಾಗೆಂದು ಫ್ರಟರ್ನಿಟಿಗಳನ್ನು ನಾವು ಹೊಗಳಲು ಬಂದಿದ್ದೇವೆಂದು ಯಾರೂ ಭಾವಿಸಬಾರದು. ಮದ್ಯಪಾನದ ಔತಣಗಳು, ಹೊಸಬರನ್ನು ಸತ್ವಪರೀಕ್ಷೆಯ ಹೆಸರಿನಲ್ಲಿ ಹಿಂಸಿಸುವುದು, ಗುಟ್ಟಿನ ಪರದೆಯ ಹಿಂದೆ ಅಪರಾಧವನ್ನು ಅಡಗಿಸುವುದು, ಇವೆಲ್ಲ ಆ ವ್ಯವಸ್ಥೆಗೆ ಅಂಟಿಕೊಂಡಿರುವ ರೋಗಗಳು. 2017ರಲ್ಲಿ ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾನಿಲಯದ ಫ್ರಟರ್ನಿಟಿ ಮನೆಯೊಂದರಲ್ಲಿ, ಅತಿಯಾಗಿ ಮದ್ಯ ಕುಡಿಸಲ್ಪಟ್ಟ 19 ವರ್ಷದ ವಿದ್ಯಾರ್ಥಿಯೊಬ್ಬ ಮೆಟ್ಟಿಲಿನಿಂದ ಬಿದ್ದ. ಗಂಟೆಗಟ್ಟಲೆ ಯಾರೂ ನೆರವಿಗೆ ಕರೆ ಮಾಡಲಿಲ್ಲ. ಅವನು ಬದುಕುಳಿಯಲಿಲ್ಲ. ಇಂತಹ ಸಾವುಗಳ ಬಳಿಕ, 2024ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಂದು ರಾಷ್ಟ್ರೀಯ ಕಾಯಿದೆಯೇ ಬಂತು. ಇಂತಹ ಘಟನೆಗಳನ್ನು ಬಹಿರಂಗವಾಗಿ ವರದಿ ಮಾಡುವುದನ್ನು ಅದು ವಿಶ್ವವಿದ್ಯಾನಿಲಯಗಳಿಗೆ ಕಡ್ಡಾಯಗೊಳಿಸಿತು.

ಆಲ್ಫಾ ಫೈ ಆಲ್ಫಾ ಕೂಡ ಈ ರೋಗದಿಂದ ಮುಕ್ತವಾಗಿರಲಿಲ್ಲ. 1989ರಲ್ಲಿ ಅಟ್ಲಾಂಟ ನಗರದ ಕಾಲೇಜೊಂದರಲ್ಲಿ ಆ ಸಂಘವನ್ನು ಸೇರಬಯಸಿದ ವಿದ್ಯಾರ್ಥಿ ಇಂತಹುದೇ ಹಿಂಸೆಯ ಸಂದರ್ಭದಲ್ಲಿ ಮೃತಪಟ್ಟ. ಮರುವರ್ಷ ಕಪ್ಪು ವಿದ್ಯಾರ್ಥಿಗಳ ಪ್ರಮುಖ ಸಂಘಗಳು ಸೇರಿ, ಹೊಸಬರನ್ನು ವಾರಗಟ್ಟಲೆ ಪರೀಕ್ಷೆಗೊಡ್ಡುವ ಪದ್ಧತಿಯನ್ನೇ ಅಧಿಕೃತವಾಗಿ ರದ್ದುಪಡಿಸಿದವು. ಯಾರ ಒಂಟಿತನವನ್ನು ನೀಗಿಸಲು ಸಂಘ ಹುಟ್ಟಿತೋ ಅವನನ್ನೇ ಅದರ ಹೆಸರಿನಲ್ಲಿ ಬಡಿಯುವುದೆಂದರೆ ಸ್ಥಾಪಕರ ಏಳು ಹೆಸರುಗಳಿಗೂ ಮಾಡುವ ದ್ರೋಹ. ಇದು ಅಮೆರಿಕದ ಕತೆ ಮಾತ್ರವಲ್ಲ. ರ‍್ಯಾಗಿಂಗ್ ಎಂಬ ಹೆಸರಿನಲ್ಲಿ ಅದೇ ಕ್ರೌರ್ಯ ನಮ್ಮಲ್ಲಿಯೂ ಇದೆ. ಕರ್ನಾಟಕ ಶಿಕ್ಷಣ ಕಾಯಿದೆ 1983 ಅದನ್ನು ಅಪರಾಧವೆಂದು ಘೋಷಿಸಿದೆ, ಯುಜಿಸಿ 2009ರಲ್ಲಿ ಕಟ್ಟುನಿಟ್ಟಿನ ನಿಯಮಗಳನ್ನು ತಂದಿದೆ. ಹಾಗಿದ್ದೂ ಹಾಸ್ಟೆಲಿನಲ್ಲಿ ಹಿರಿಯರ ಹಿಂಸೆಯನ್ನು ತಮಾಷೆಯೆಂದು ನಗುವ ಹೆತ್ತವರಿದ್ದಾರೆ. ತನ್ನ ಮೊದಲ ವರ್ಷದಲ್ಲಿ ಹಿಂಸೆ ಅನುಭವಿಸಿದವನು ಎರಡನೆಯ ವರ್ಷದಲ್ಲಿ ಹಿಂಸಿಸುವವನಾದರೆ ಅವನು ಕಲಿತ ವಿದ್ಯೆಯಾದರೂ ಏನು?

ನಮ್ಮವರು ಕಟ್ಟಿದ ಕೂಟಗಳು

ಮುಸ್ಲಿಮ್ ವಿದ್ಯಾರ್ಥಿಗಳೂ ಈ ದಾರಿಯಲ್ಲಿ ನಡೆದಿದ್ದಾರೆ. ಅಲಿಗಢದ ಎಂಎಒ ಕಾಲೇಜಿನಲ್ಲಿ 1890ರ ಆಸುಪಾಸಿನಲ್ಲಿ ಸಾಹಿಬ್‌ಝಾದಾ ಆಫ್ತಾಬ್ ಅಹ್ಮದ್ ಖಾನ್ ಮತ್ತು ಅವರ ಗೆಳೆಯರು ಅಂಜುಮನ್ ಅಲ್ ಫರ್ಝ್, ಅಂದರೆ ಕರ್ತವ್ಯ ಸಂಘವನ್ನು ಸ್ಥಾಪಿಸಿದರು. ಬಡ ವಿದ್ಯಾರ್ಥಿಗಳ ಓದಿಗಾಗಿ ಊರೂರು ತಿರುಗಿ ಹಣ ಸಂಗ್ರಹಿಸುವುದೇ ಅದರ ಕೆಲಸವಾಗಿತ್ತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1963ರಲ್ಲಿ ಬೇರೆ ಬೇರೆ ದೇಶಗಳ ಮುಸ್ಲಿಮ್ ವಿದ್ಯಾರ್ಥಿಗಳು ಸೇರಿ ಮುಸ್ಲಿಮ್ ಸ್ಟೂಡೆಂಟ್ಸ್ ಅಸೋಸಿಯೇಷನ್ ಆರಂಭಿಸಿದರು.

2013ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಡಲ್ಲಾಸ್ ಕೇಂದ್ರದಲ್ಲಿ ಕೆಲವು ಮುಸ್ಲಿಮ್ ಯುವಕರು ಒಂದು ಹೆಜ್ಜೆ ಮುಂದಿಟ್ಟು ಸೋದರ ಸಂಘವನ್ನೇ ಸ್ಥಾಪಿಸಿದರು. ಅದರ ಹೆಸರು 'ಅಲಿಫ್ ಲಾಮ್ ಮೀಮ್'. ಗ್ರೀಕ್ ಅಕ್ಷರಗಳಲ್ಲಿ ಆಲ್ಫಾ ಲ್ಯಾಂಬ್ಡಾ ಮ್ಯೂ. ಪವಿತ್ರ ಕುರ್‌ಆನಿನ ಆರು ಅಧ್ಯಾಯಗಳು ಇದೇ ಮೂರು ಅಕ್ಷರಗಳಿಂದ ಆರಂಭವಾಗುತ್ತವೆಂದು ನಿಮಗೆ ತಿಳಿದಿದೆ. ಮದ್ಯವಿಲ್ಲದೆಯೂ ಸೋದರ ಸಂಘ ಇರಬಲ್ಲುದೆಂದು ಅವರು ತೋರಿಸಿದರು. ಅದೇ ವರ್ಷದ ಮಾರ್ಚಿನಲ್ಲಿ ಡಲ್ಲಾಸ್ ನಗರದ ಮೇಯರ್ ಆಗಿದ್ದ ಮೈಕ್ ರಾಲಿಂಗ್ಸ್ ಅವರು, ಮಹಿಳೆಯರ ಮೇಲಿನ ಕೌಟುಂಬಿಕ ಹಿಂಸೆಯ ವಿರುದ್ಧ ಪುರುಷರು ಬೀದಿಗಿಳಿಯಬೇಕೆಂದು ಕರೆ ನೀಡಿದಾಗ ಈ ಯುವಕರು ಫಲಕಗಳನ್ನು ಹಿಡಿದು ಅಲ್ಲಿಗೆ ಹೋದರು. ಅವರ ಆ ಚಿತ್ರ ದೇಶದ ಉದ್ದಗಲಕ್ಕೂ ಗಮನ ಸೆಳೆಯಿತು. ಮುಸ್ಲಿಮ್ ಮಹಿಳೆಯರ ಸ್ಥಾನಮಾನದ ಕುರಿತು ಸಾವಿರ ಪ್ರಶ್ನೆಗಳನ್ನು ಎದುರಿಸುವ ಸಮಾಜದಲ್ಲಿ, ಭಾಷಣಕ್ಕಿಂತ ಹೆಚ್ಚಿನ ಉತ್ತರವನ್ನು ಆ ಹುಡುಗರ ಒಂದು ದಿನದ ನಡಿಗೆ ನೀಡಿತು.

ಈ ಎಲ್ಲ ಇತಿಹಾಸದಿಂದ ಹೊರಡುವ ಪ್ರಶ್ನೆ ಇಷ್ಟೇ: ಕೂಟ ಕಟ್ಟುವುದು ಯಾರಿಗಾಗಿ? ಒಳಗಿರುವವರ ಸಂತೋಷಕ್ಕಾಗಿ ಕಟ್ಟಿದರೆ ಅದು ಗುಂಪು. ಹಿಂದೆ ಬರುವವರ ದಾರಿಗಾಗಿ ಕಟ್ಟಿದರೆ ಅದು ಸಂಘ. ಗುಂಪು ಬೇಗನೆ ಬೆಳೆಯುತ್ತದೆ, ಗೋಡೆಯ ಮೇಲೆ ಹೆಸರು ಬರೆಯುತ್ತದೆ, ಇನ್ನೊಂದು ಗುಂಪಿನೊಂದಿಗೆ ಜಗಳವಾಡುತ್ತದೆ, ಪರೀಕ್ಷೆ ಮುಗಿದ ಮೇಲೆ ಚದುರಿಹೋಗುತ್ತದೆ. ಸಂಘಕ್ಕೆ ತಾಳ್ಮೆ ಬೇಕು. ಅದರ ಫಲವನ್ನು ಉಣ್ಣುವವರು ಹೆಚ್ಚಾಗಿ ಅದನ್ನು ನೆಟ್ಟವರಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮಗೆ ಗ್ರೀಕ್ ಅಕ್ಷರಗಳ ಅಗತ್ಯವಿಲ್ಲ. ಗುಟ್ಟಿನ ಪ್ರತಿಜ್ಞೆಯ ಅಗತ್ಯವಂತೂ ಇಲ್ಲವೇ ಇಲ್ಲ. ನಾಳೆ ತರಗತಿಗೆ ಹೋದಾಗ ಒಂದು ಪಟ್ಟಿ ಮಾಡಿ. ಕಳೆದ ವರ್ಷ ನಿಮ್ಮೊಂದಿಗಿದ್ದು ಈ ವರ್ಷ ಮರಳಿ ಬಾರದವರು ಯಾರು? ಶುಲ್ಕ ಕಟ್ಟಲಾಗದೆ ನಿಂತವನೇ? ಇಂಗ್ಲಿಷ್ ಪಾಠ ಅರ್ಥವಾಗದೆ ನಾಚಿ ಬಿಟ್ಟವನೇ? ಬಸ್ಸಿನ ದೂರಕ್ಕೆ ಹೆದರಿ ಮನೆಯವರು ಬಿಡಿಸಿದ ಸಹೋದರಿಯೇ? ಅವರ ಧರ್ಮ, ಜಾತಿ ಯಾವುದೆಂದು ನೋಡಬೇಡಿ. ಒಂದೊಂದು ಹೆಸರಿನ ಹೊಣೆಯನ್ನು ಇಬ್ಬರು ಮೂವರು ಹೊತ್ತುಕೊಳ್ಳಿ. ಅವರ ಮನೆಗೆ ಹೋಗಿ ಮಾತನಾಡಿ. ಹಿರಿಯ ವಿದ್ಯಾರ್ಥಿಗಳು ವಾರಕ್ಕೆ ಒಂದು ಸಂಜೆ ಕಿರಿಯರಿಗೆ ಪಾಠ ಹೇಳಿಕೊಡಲಿ.

ಹೆತ್ತವರೇ, ಆ ಸಂಜೆಗೆ ಒಂದು ಕೋಣೆ ಬೇಕು, ಒಂದು ದೀಪ ಬೇಕು, ಒಂದಿಷ್ಟು ಚಹಾ ಬೇಕು. ನೂರು ವರ್ಷಗಳ ಹಿಂದೆ ಇಥಾಕದಲ್ಲಿ ಒಂದು ಸಾಮಾನ್ಯ ಕುಟುಂಬ ಅದನ್ನು ಕೊಟ್ಟಿತು. ಈ ಊರಿನಲ್ಲಿ ಅದನ್ನು ಕೊಡುವ ಮನೆ ಯಾರದು ಎಂಬುದನ್ನು ಸಭೆ ಚದುರುವ ಮುನ್ನ ನೀವೇ ತೀರ್ಮಾನಿಸಬೇಕೆಂದು ವಿನಂತಿಸುತ್ತೇವೆ.